ಬೆಳಗಿನ ಸಿಹಿ ಕಳ್ಳು ಸಂಜೆಗೆ ಹುಳಿಯಾಗುವುದೇಕೆ?

ಪ್ರಶ್ನೆ: ಕೊಚ್ಚಿ, ತಿರುವನಂತಪುರದ ಕಳ್ಳಂಗಡಿಗಳಲ್ಲಿ ಬೆಳಿಗ್ಗೆ ಸಿಹಿಯಾಗಿರುವ ತೆಂಗಿನ ಕಳ್ಳು ಸಂಜೆಗೆ ಹುಳಿಯಾಗುವುದೇಕೆ? ಸೇಬಿನ ಸೈಡರ್ ಹೀಗೆ ಬೇಗ ಕೆಡುವುದಿಲ್ಲವೇಕೆ?

ಉತ್ತರ: ಅರಳದ ತೆಂಗಿನ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ತುದಿಯನ್ನು ಸವರಿದಾಗ ತೊಟ್ಟಿಕ್ಕುವ ರಸದಲ್ಲಿ ಶೇಕಡಾ 12ರಿಂದ 15ರಷ್ಟು ಸಕ್ಕರೆ ಇರುತ್ತದೆ. ಗಾಳಿಯಲ್ಲೂ ಮಡಕೆಯಲ್ಲೂ ಇರುವ ಯೀಸ್ಟ್ ಕಣಗಳು ಮರದ ಮೇಲೆಯೇ ಅದರೊಳಗೆ ಸೇರುತ್ತವೆ. ಅವು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿ ಹುಳಿ ಬರುವಂತೆ ಇದೂ ಒಂದು ಬಗೆಯ ಹುದುಗುವಿಕೆಯೇ. ಕಳ್ಳಿನ ಬಿಳಿ ನೊರೆ ಆ ಅನಿಲದ್ದೇ.

ಜೊತೆಗೇ ಬ್ಯಾಕ್ಟೀರಿಯಾಗಳೂ ಕೆಲಸಕ್ಕಿಳಿಯುತ್ತವೆ. ಕೆಲವು ಸಕ್ಕರೆಯಿಂದ ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನು ಮಾಡಿದರೆ, ಇನ್ನು ಕೆಲವು ಮದ್ಯಸಾರವನ್ನೇ ಅಸಿಟಿಕ್ ಆಮ್ಲವಾಗಿಸುತ್ತವೆ. ಕೇರಳದ ಸೆಕೆಯಲ್ಲಿ ಇವೆಲ್ಲ ಚುರುಕು. ಹೀಗಾಗಿ ಗಂಟೆಗಳು ಕಳೆದಂತೆ ಸಿಹಿ ಇಳಿದು, ಅಮಲೂ ಹುಳಿಯೂ ಏರುತ್ತವೆ. ಇನ್ನೂ ಕೆಲವು ದಿನ ಬಿಟ್ಟರೆ ಕಳ್ಳು ವಿನೆಗರ್ ಆಗುತ್ತದೆ. ಕರಾವಳಿಯ ಅಡುಗೆಮನೆಗಳಲ್ಲಿ ಅದಕ್ಕೂ ಬೆಲೆಯಿದೆ.

ಸೈಡರ್ ಕೂಡ ಯೀಸ್ಟ್ ಹುದುಗಿಸಿದ ಸೇಬಿನ ರಸವೇ. ಅದರ ಹುಳಿ ಮಾತ್ರ ಬಹುಮಟ್ಟಿಗೆ ಹಣ್ಣಿನದೇ ಆದ ಮ್ಯಾಲಿಕ್ ಆಮ್ಲದ್ದು. ಕಾರ್ಖಾನೆಯಲ್ಲಿ ಅದನ್ನು ಸೋಸಿ, ಸಾಮಾನ್ಯವಾಗಿ ಬಿಸಿ ಮಾಡಿ ಸೂಕ್ಷ್ಮಜೀವಿಗಳನ್ನು ಕೊಂದು, ಗಾಳಿಯಾಡದಂತೆ ಮುಚ್ಚುತ್ತಾರೆ. ಆದ್ದರಿಂದ ಬಾಟಲಿಯ ರುಚಿ ತಿಂಗಳುಗಟ್ಟಲೆ ಬದಲಾಗದು. ಕಳ್ಳಿನಲ್ಲಿ ಜೀವಿಗಳು ಬದುಕಿಯೇ ಇರುತ್ತವೆ.

ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಯೀಸ್ಟ್ ಬೆಳೆಯುವುದಕ್ಕೆ ತಡೆಯಾಗುತ್ತದೆ. ಹಾಗೆ ಹುದುಗದಂತೆ ಉಳಿಸಿಕೊಂಡ ಸಿಹಿರಸವೇ ನೀರಾ.