ಕೂಡದ ನೆತ್ತಿ

ಹಸುಗೂಸಿನ ನೆತ್ತಿಗೆ ಎಣ್ಣೆ ಹಚ್ಚುವ ತಾಯಂದಿರು ಅಲ್ಲಿನ ಮೆತ್ತನೆಯ ಭಾಗವನ್ನು ಬಲ್ಲರು. ಸಾಮಾನ್ಯವಾಗಿ ಅದು 2 ವರ್ಷದೊಳಗೆ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ರಿಕೆಟ್ಸ್, ಥೈರಾಯ್ಡ್ ಕೊರತೆ ಮುಂತಾದವು ಕಾರಣವಾಗಿರಬಹುದು.

ಅಪರೂಪವಾಗಿ ಇದು ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯಾ ಎಂಬ, ಹುಟ್ಟಿನಿಂದಲೇ ಬರುವ ಮೂಳೆರೋಗ. ಮೂಳೆ ಕಟ್ಟುವ ಜೀವಕೋಶಗಳನ್ನು ರೂಪಿಸುವ ರನ್‌ಎಕ್ಸ್-2 ಜೀನಿನ ದೋಷವೇ ಇದರ ಮೂಲವೆಂದು 1997ರಲ್ಲಿ ತಿಳಿದುಬಂದಿತು. ಇಂಥವರಲ್ಲಿ ಕೊರಳೆಲುಬು ಕಿರಿದು, ಇಲ್ಲವೆ ಇರುವುದೇ ಇಲ್ಲ. ಕೆಲವರು ಎರಡೂ ಹೆಗಲುಗಳನ್ನು ಎದೆಯ ಮುಂದೆ ಕೂಡಿಸಬಲ್ಲರು. ಬುದ್ಧಿಗೆ ಸಾಮಾನ್ಯವಾಗಿ ಕುಂದಿಲ್ಲ.

ಹೆಚ್ಚಿನವರಲ್ಲಿ ನೆತ್ತಿಯ ತೆರಪು ಕಾಲಕ್ರಮದಲ್ಲಿ ಮುಚ್ಚುವುದರಿಂದ ಶಸ್ತ್ರಚಿಕಿತ್ಸೆಗೆ ಅವಸರ ಸಲ್ಲದು. ತೆರಪು ದೊಡ್ಡದಿದ್ದರೆ, ಪೆಟ್ಟು ಬೀಳಬಹುದಾದ ಆಟಗಳಲ್ಲಿ ಹೆಲ್ಮೆಟ್ ತೊಡಿಸಬೇಕು. ಮುಚ್ಚಲೇಬೇಕಾದಾಗ ಮಗುವಿನದೇ ತಲೆಬುರುಡೆಯ ಮೂಳೆಯನ್ನು ಕಸಿ ಮಾಡುವುದುಂಟು. ಲೋಹದ ತಗಡು ಮಗುವಿನೊಡನೆ ಬೆಳೆಯಲಾರದಷ್ಟೆ. ಹೆದರಿ ಮಗುವನ್ನು ಮನೆಯಲ್ಲಿ ಕೂಡಿಹಾಕದೆ, ತಲೆಯನ್ನು ಕಾಪಾಡುತ್ತ ಶಾಲೆಗೆ ಕಳಿಸುವುದೇ ವಿವೇಕ.