ಡೇಟು ಮುಂದಕ್ಕೆ ಹಾಕೋ ಮಾತ್ರೆ: ಚೀಟಿ ಎಲ್ಲಿ ಸ್ವಾಮಿ?

ಆಷಾಢ ಶುಕ್ರವಾರ ಬಂತೆಂದರೆ ಮೈಸೂರಿನಲ್ಲಿ ಚಾಮುಂಡಿಬೆಟ್ಟದ ಬಸ್ಸಿಗೆ ನೂಕುನುಗ್ಗಲು. ಅದರ ಹಿಂದೆಯೇ ವರಮಹಾಲಕ್ಷ್ಮಿ, ಗೌರಿ ಹಬ್ಬ. ಹೂವಿನಂಗಡಿಯಂತೆ ಔಷಧಿ ಅಂಗಡಿಗೂ ಆಗ ಹಬ್ಬದ ಗಿರಾಕಿಗಳುಂಟು. "ಡೇಟು ಮುಂದಕ್ಕೆ ಹಾಕೋ ಮಾತ್ರೆ ಕೊಡಿ" ಅಂತ ದನಿ ತಗ್ಗಿಸಿ ಕೇಳುತ್ತಾರೆ. ಎಷ್ಟೋ ಸಲ ಬರುವುದು ಮನೆಯಾಕೆ ಕಳಿಸಿದ ಗಂಡ. ಅಂಗಡಿಯವರೂ ಮರುಮಾತಿಲ್ಲದೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ವ್ಯಾಪಾರ ಮುಗೀತು.

ಸಾಮಾನ್ಯವಾಗಿ ಹೀಗೆ ಕೈ ಬದಲಾಗುವ ಮಾತ್ರೆ ನೊರೆಥಿಸ್ಟೆರಾನ್. 1951ರಲ್ಲಿ ಮೆಕ್ಸಿಕೋದಲ್ಲಿ ಮೊದಲು ತಯಾರಾದ ಹಾರ್ಮೋನು. ಮುಟ್ಟಿನ ಸ್ರಾವ ವಿಪರೀತವಾದಾಗ ವೈದ್ಯರು ಬರೆಯುವುದೂ ಇದನ್ನೇ. ಮುಟ್ಟು ಮುಂದೂಡಲು 5 ಮಿಲಿಗ್ರಾಂ ಮಾತ್ರೆ ದಿನಕ್ಕೆ 3 ಸಲ, ಮುಟ್ಟಿನ ದಿನಕ್ಕೆ 3 ದಿನ ಮೊದಲೇ ಶುರುಮಾಡುವುದು ವಾಡಿಕೆ. ನಿಲ್ಲಿಸಿದ 2-3 ದಿನಕ್ಕೆ ಮುಟ್ಟು ಬರುತ್ತದೆ. ಹಬ್ಬದ ಹಿಂದಿನ ಸಂಜೆ ಓಡಿಬಂದು ನುಂಗಿದರೆ ನಿಲ್ಲುತ್ತದೆಂಬ ಭರವಸೆಯಿಲ್ಲ.

ಮಾತ್ರೆಯದೇನೂ ತಪ್ಪಿಲ್ಲ. ಕೇಳಬೇಕಾದ್ದು ಕೇಳದೆ ಕೊಡೋದೇ ತಪ್ಪು. ದೇಹದೊಳಗೆ ಇದರ ಸ್ವಲ್ಪ ಭಾಗ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ರಕ್ತ ಹೆಪ್ಪುಗಟ್ಟುವ ಭಯ ಅಲ್ಲಿದೆ. ಹಿಂದೆ ಕಾಲಿನ ನರದಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ, ಲಕ್ವ ಹೊಡೆದವರಿಗೆ, ಲಿವರ್ ಕೆಟ್ಟವರಿಗೆ, ಸ್ತನ ಕ್ಯಾನ್ಸರ್ ಆದವರಿಗೆ ಇದು ಆಗದು. ಬಸುರಿರಬಹುದೆಂಬ ಅನುಮಾನವಿದ್ದರೂ ಮುಟ್ಟಬಾರದು. ಇದನ್ನೆಲ್ಲ ಕೌಂಟರಿನಲ್ಲಿ ನಿಂತ ಗಂಡನ ಮುಖ ನೋಡಿ ಹೇಳೋಕಾಗುತ್ತಾ?

ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಪೊಟ್ಟಣದ ಮೇಲೇ ಅಚ್ಚಾಗಿದೆ. ಓದುವವರು ಯಾರು? ಪಕ್ಕದ ಮನೆಯಾಕೆಗೆ ಉಳಿದ ನಾಲ್ಕು ಮಾತ್ರೆ ಈ ಮನೆಗೆ ಬರುತ್ತದೆ. ಕೆಲವರು ಇದನ್ನೇ ಗರ್ಭನಿರೋಧಕ ಅಂದುಕೊಳ್ಳುತ್ತಾರೆ. ಹೀಗೆ ನಾಲ್ಕು ದಿನ ನುಂಗಿದ್ದನ್ನು ಅದಕ್ಕಾಗಿ ನಂಬುವಂತಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಇಲ್ಲವೇ ಎರಡು ಮುಟ್ಟಿನ ನಡುವೆ ಕಂಡರೆ, "ಹಬ್ಬ ಮುಗೀಲಿ" ಅಂತ ಮಾತ್ರೆ ನುಂಗಿ ಮುಚ್ಚಿಡುವ ಹೆಂಗಸರಿದ್ದಾರೆ. ಗರ್ಭಕೋಶದ ಕ್ಯಾನ್ಸರ್ ಮೊದಲು ಸುಳಿವು ಕೊಡುವುದು ಇದೇ ರಕ್ತದಿಂದ. ಸುಳಿವು ಅಡಗುತ್ತದೆ, ಕಾಯಿಲೆ ಬೆಳೆಯುತ್ತದೆ.

ಹಬ್ಬದ ದಿನಾಂಕ ಕ್ಯಾಲೆಂಡರಿನಲ್ಲಿ ವರ್ಷ ಮೊದಲೇ ಇರುತ್ತದೆ. ಒಂದೆರಡು ವಾರ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಲು ಪುರುಸೊತ್ತು ಬೇಕಾದಷ್ಟಿದೆ. ಮಾತ್ರೆ ನುಂಗಿದವರಿಗೆ ಒಂದು ಕಾಲು ಊದಿ ನೋಯಹತ್ತಿದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಾತ್ರೆ ನಿಲ್ಲಿಸಿ ತಕ್ಷಣ ದೊಡ್ಡಾಸ್ಪತ್ರೆಗೆ ನಡೆಯಬೇಕು.

ಅಂಗಡಿಯವರು ಮಾಡಬೇಕಾದ್ದು ಇಷ್ಟೇ: ಕಾಗದದಲ್ಲಿ ಸುತ್ತುವ ಮೊದಲು, ಚೀಟಿ ಎಲ್ಲಿ ಅಂತ ಒಂದು ಮಾತು ಕೇಳುವುದು.