ಉಸಿರು ಮುಂದೆ, ಮೂಳೆ ಹಿಂದೆ

ಅಮೆರಿಕದ ಹೈಸ್ಕೂಲುಗಳಲ್ಲಿ ಕ್ರಾಸ್ ಕಂಟ್ರಿ ಓಡುವ ಮಕ್ಕಳಿಗೆ ಸಾಮಾನ್ಯವಾಗಿ ಗೊತ್ತಿರುವ ದೂರ 5 ಕಿಲೋಮೀಟರ್. ಗಾಲ್ಫ್ ಮೈದಾನದ ಹುಲ್ಲಿನ ಮೇಲಾಗಲಿ, ಪಾರ್ಕಿನ ಮಣ್ಣುದಾರಿಯಲ್ಲಾಗಲಿ, ನಾಲ್ಕು ವರ್ಷ ಅವರು ಆ ದೂರಕ್ಕೇ ಮೈ ಪಳಗಿಸಿಕೊಂಡಿರುತ್ತಾರೆ. ಜೂನ್ ಹೊತ್ತಿಗೆ ಶಾಲೆ ಮುಗಿಯುತ್ತದೆ, ಆಗಸ್ಟ್‌ನಲ್ಲಿ ಕಾಲೇಜು ತಂಡ ಸೇರುತ್ತಾರೆ. ಅಲ್ಲಿ ಹುಡುಗರಿಗೆ ಸೆಪ್ಟೆಂಬರ್‌ನಿಂದ 8 ಕಿಲೋಮೀಟರ್, ನವೆಂಬರ್‌ನ ವಲಯ ಮತ್ತು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ 10. ಒಂದೇ ವರ್ಷದೊಳಗೆ ಸ್ಪರ್ಧೆಯ ದೂರ ಇಮ್ಮಡಿಯಾಯಿತು. ಹುಡುಗಿಯರು 6 ಕಿಲೋಮೀಟರ್ ಓಡುತ್ತಾರೆ. ಕ್ರಾಸ್ ಕಂಟ್ರಿ ಮುಗಿಯಿತೆಂದು ಕಾಲು ಚಾಚುವಂತಿಲ್ಲ. ಚಳಿಗಾಲಕ್ಕೆ ಒಳಾಂಗಣ ಟ್ರ್ಯಾಕ್, ಅದರ ಬೆನ್ನಿಗೇ ಜೂನ್‌ವರೆಗೆ ಹೊರಾಂಗಣ ಟ್ರ್ಯಾಕ್. ಶಾಲೆಯಲ್ಲಿ ಪ್ರತಿ ವಾರ ಗೆಲ್ಲುತ್ತಿದ್ದ ಹುಡುಗ ಇಲ್ಲಿ ಇನ್ನೂರನೆಯವನಾಗಿ ಬಂದಾಗ ಅವನಿಗೂ, ಮನೆಯವರಿಗೂ, ಕೆಲವೊಮ್ಮೆ ಕೋಚ್‌ಗೂ ಕಾಣುವುದು ಸೋಲು. ಆ ಸ್ಥಾನವನ್ನು ಉತ್ತಮಪಡಿಸಲೆಂದು ತರಬೇತಿಯನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ನನ್ನ ವಾದ ಇದಕ್ಕೆ ನೇರ ವಿರುದ್ಧ. ಕಾಲೇಜಿನ ಮೊದಲ ವರ್ಷದ ಫಲಿತಾಂಶಕ್ಕೆ ಹೆಚ್ಚು ಬೆಲೆ ಕೊಡಬಾರದು. ಆ ವರ್ಷವಿರುವುದು ಮುಂದಿನ ಮೂರು ವರ್ಷಗಳ ಭಾರ ಹೊರಬಲ್ಲ ದೇಹ ಕಟ್ಟಿಕೊಳ್ಳಲು, ಅಷ್ಟಕ್ಕೇ.

ಇದು ಓಟಗಾರರ ಮೇಲಿನ ಕನಿಕರದಿಂದ ಹುಟ್ಟಿದ ಮಾತಲ್ಲ, ಶರೀರಶಾಸ್ತ್ರದಿಂದ ಹೊರಡುವ ತೀರ್ಮಾನ. ದೂರದ ಓಟದ ತರಬೇತಿ ಶುರುವಾದಾಗ ದೇಹದ ಭಾಗಗಳೆಲ್ಲ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ರಕ್ತದ ದ್ರವಾಂಶ ಒಂದೆರಡು ವಾರಗಳಲ್ಲೇ ಹೆಚ್ಚುತ್ತದೆ. ಸ್ನಾಯುಗಳೊಳಗೆ ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಡುವ ಮೈಟೊಕಾಂಡ್ರಿಯಗಳು ಕೆಲವೇ ವಾರಗಳಲ್ಲಿ ಬೆಳೆಯುತ್ತವೆ. ಹೀಗಾಗಿ ಹೊಸಬನಿಗೆ ಒಂದು ತಿಂಗಳೊಳಗೇ ಉಸಿರು ಸರಾಗ, ನಿನ್ನೆ ಕಷ್ಟವಾಗಿದ್ದ ವೇಗ ಇಂದು ಹಗುರ. ಸ್ನಾಯುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಮೂಳೆಯ ಕಥೆ ಇನ್ನೂ ಸೂಕ್ಷ್ಮ. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ಮಾಡುವುದು ತನ್ನನ್ನು ತಾನೇ ಅಗೆಯುವ ಕೆಲಸ. ಸೂಕ್ಷ್ಮವಾಗಿ ಸವೆದ ಜಾಗವನ್ನು ಒಂದು ಬಗೆಯ ಜೀವಕೋಶಗಳು ಕರಗಿಸಿ ತೆಗೆಯುತ್ತವೆ. ಅದಕ್ಕೆ ಕೆಲವು ವಾರ ಸಾಕು. ಆ ಗುಂಡಿಯನ್ನು ತುಂಬಲು ಬರುವ ಇನ್ನೊಂದು ಬಗೆಯ ಜೀವಕೋಶಗಳಿಗೆ ತಿಂಗಳುಗಳು ಹಿಡಿಯುತ್ತವೆ, ತುಂಬಿದ್ದು ಗಟ್ಟಿಯಾಗಲು ಮತ್ತಷ್ಟು ಕಾಲ. ನಡುವಿನ ಆ ಅವಧಿಯಲ್ಲಿ ಮೂಳೆ ಮೊದಲಿಗಿಂತಲೂ ದುರ್ಬಲ. ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸದಾಗಿ ಹಾಕಿದ ಮೋಲ್ಡ್ ಮರುದಿನವೇ ಗಟ್ಟಿಯಾಗಿ ಕಂಡರೂ ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ, ಕೆಳಗಿನ ಆಸರೆ ತೆಗೆಯುವುದಿಲ್ಲ. ಆಗಸ್ಟ್ ಕೊನೆಗೆ ತಂಡ ಸೇರಿ ಹೆಚ್ಚು ಓಡಲು ತೊಡಗಿದವರ ಮೂಳೆ ಅತಿ ದುರ್ಬಲವಾಗಿರುವ ವಾರಗಳು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸ್ಪರ್ಧೆಗಳು ಸಾಲುಗಟ್ಟಿರುವುದೂ, ಉಸಿರು ತುಂಬಾ ಚೆನ್ನಾಗಿದೆ ಎಂದು ಓಟಗಾರನಿಗೆ ಅನಿಸುವುದೂ ಆ ವಾರಗಳಲ್ಲೇ. ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆ, ಪಾದದ ನೀಳ ಮೂಳೆಗಳು, ಸೊಂಟದ ಹಿಂಬದಿ, ತೊಡೆಮೂಳೆಯ ಕತ್ತು, ಇಲ್ಲೆಲ್ಲ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುವ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುವುದು ಹೀಗೆ. ತೊಡೆಮೂಳೆಯ ಕತ್ತಿನದಂತೂ ನಿರ್ಲಕ್ಷಿಸಿದರೆ ಶಸ್ತ್ರಚಿಕಿತ್ಸೆಯವರೆಗೆ ಒಯ್ಯಬಲ್ಲದು.

ಹೊರೆ ಎಷ್ಟು ಏರುತ್ತದೆ ಎಂಬುದನ್ನೂ ನೋಡಬೇಕು. ಶಾಲೆಯಲ್ಲಿ ವಾರಕ್ಕೆ 60ರಿಂದ 80 ಕಿಲೋಮೀಟರ್ ಓಡುತ್ತಿದ್ದ ಹುಡುಗ ಪ್ರಬಲ ಕಾಲೇಜು ತಂಡದಲ್ಲಿ 110, 130, ಕೆಲವೆಡೆ ಅದಕ್ಕೂ ಹೆಚ್ಚು ಓಡುವ ಹಿರಿಯರ ನಡುವೆ ಬಂದು ನಿಲ್ಲುತ್ತಾನೆ. ಅವರಲ್ಲಿ ಕೆಲವರಿಗೆ 22, 23 ವರ್ಷ. ಸಲೀಸು ಓಟ ಎಂದು ಅವರು ಕರೆಯುವ ವೇಗ ಇವನಿಗೆ ಸಲೀಸಲ್ಲ, ಆದರೂ ಗುಂಪು ಬಿಟ್ಟು ಹಿಂದುಳಿಯಲು ಸಂಕೋಚ. ಆರು ಬಾರಿ ರಾಷ್ಟ್ರೀಯ ತಂಡ ಪ್ರಶಸ್ತಿ ಗೆದ್ದ ನಾರ್ದರ್ನ್ ಅರಿಜೋನ ವಿಶ್ವವಿದ್ಯಾಲಯವಿರುವ ಫ್ಲ್ಯಾಗ್‌ಸ್ಟಾಫ್ ಊರು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಮೇಲಿದೆ. ಅಂಥ ಕಡೆ ಸೇರಿದವರಿಗೆ ತೆಳುಗಾಳಿಯೂ ಒಂದು ಹೊರೆಯೇ. ಇದರ ಮೇಲೆ ಮೊದಲ ಬಾರಿಗೆ ಮನೆ ಬಿಟ್ಟ ಬದುಕು, ಹಾಸ್ಟೆಲಿನ ಗದ್ದಲ, ಬೆಳಗಿನ ಜಾವದ ಅಭ್ಯಾಸ, ರಾತ್ರಿಯ ಅಸೈನ್‌ಮೆಂಟ್. ಕಾಲೇಜು ಕ್ರೀಡೆಗಳ ಆಡಳಿತ ನೋಡಿಕೊಳ್ಳುವ ಎನ್‌ಸಿಎಎ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದು, ಒಂದು ದಿನ ಬಿಡುವು ಕೊಡಬೇಕು ಎಂದು ನಿಯಮ ಮಾಡಿದೆ. ಆದರೆ ಪಂದ್ಯದ ದಿನ ಇಡೀ ದಿನ ಹೋದರೂ ಲೆಕ್ಕಕ್ಕೆ ಮೂರೇ ಗಂಟೆ. ಬಸ್ಸಿನಲ್ಲಿ ಕಳೆದ ಹೊತ್ತು, ಫಿಸಿಯೋ ಬಳಿ ಕಾದ ಹೊತ್ತು ಲೆಕ್ಕಕ್ಕೇ ಇಲ್ಲ. ನಿಯಮವಿರುವುದರಿಂದ ಹೊಸಬರು ಸುರಕ್ಷಿತ ಎಂದುಕೊಳ್ಳುವಂತಿಲ್ಲ.

ಹಾಗಾದರೆ ನಿಧಾನವಾಗಿ ಏರಿಸಿದರಾಯಿತು, ವಾರಕ್ಕೆ ಶೇಕಡಾ 10ರಷ್ಟು ಹೆಚ್ಚಿಸಿದರೆ ತೊಂದರೆಯಿಲ್ಲ ಎಂಬ ಸಲಹೆ ಎಲ್ಲ ಕಡೆ ಕೇಳಿಸುತ್ತದೆ. ಅದು ಅಷ್ಟು ಸರಳವಿಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಓಟಕ್ಕೆ ಹೊಸಬರಾದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಶೇಕಡಾ 10ರ ಲೆಕ್ಕದ 13 ವಾರಗಳ ತರಬೇತಿ, ಇನ್ನೊಂದಕ್ಕೆ ಮಾಮೂಲಿ 8 ವಾರಗಳ ತರಬೇತಿ ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಗಾಯಗೊಂಡಿದ್ದರು. ಆ ಜನ ಕಾಲೇಜು ಓಟಗಾರರಲ್ಲ, ನಿಜ. ಆದರೂ ಒಂದು ಅಂಕಿಯನ್ನು ಎಲ್ಲರಿಗೂ ಹೊಂದಿಸುವ ಸೂತ್ರ ಕಾಪಾಡುತ್ತದೆಂಬ ನಂಬಿಕೆಗೆ ಅದು ಪೆಟ್ಟು ಕೊಡುತ್ತದೆ. ಆ ಹುಡುಗ ಶಾಲೆಯಲ್ಲಿ ಎಷ್ಟು ಓಡಿದ್ದ, ಹಿಂದೆ ಎಲ್ಲಿ ನೋವಾಗಿತ್ತು, ಎಷ್ಟು ನಿದ್ದೆ ಮಾಡುತ್ತಾನೆ, ಎಷ್ಟು ತಿನ್ನುತ್ತಾನೆ ಎಂಬುದೆಲ್ಲ ಸೇರಿ ಅವನ ಮಿತಿ ನಿರ್ಧಾರವಾಗುತ್ತದೆ. ನಿದ್ದೆಯ ಬಗ್ಗೆ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನವಿದೆ. 11 ಬಾಸ್ಕೆಟ್‌ಬಾಲ್ ಆಟಗಾರರು ಕೆಲವು ವಾರ ಪ್ರತಿ ರಾತ್ರಿ 10 ಗಂಟೆಗಳ ಕಾಲ ಹಾಸಿಗೆಯಲ್ಲಿರಲು ಯತ್ನಿಸಿದಾಗ ಅವರ ಓಟದ ವೇಗವೂ ಗುರಿಯೂ ಸುಧಾರಿಸಿದವು. ಓಟಗಾರರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದಿದ್ದರೂ, ಹಾಸ್ಟೆಲಿನಲ್ಲಿ 6 ಗಂಟೆ ಮಲಗುವ ಹೊಸಬನಿಗೆ ಇನ್ನೊಂದು ಸುತ್ತು ಓಡಿಸುವುದಕ್ಕಿಂತ ಇನ್ನೆರಡು ಗಂಟೆ ಮಲಗಿಸುವುದು ಲಾಭ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಊಟದ ವಿಷಯ ಬಂದಾಗ ಇನ್ನಷ್ಟು ಎಚ್ಚರ ಬೇಕು. ಓಡಲು ಖರ್ಚಾದ ಶಕ್ತಿಯಷ್ಟನ್ನು ಊಟ ತುಂಬಿಕೊಡದಿದ್ದರೆ ದೇಹ ಬೇರೆ ಕೆಲಸಗಳಿಗೆ ಕತ್ತರಿ ಹಾಕುತ್ತದೆ. ಹಾರ್ಮೋನುಗಳು ಏರುಪೇರಾಗುತ್ತವೆ, ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ, ಮೂಳೆ ಕಟ್ಟುವ ಕೆಲಸ ನಿಧಾನವಾಗುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಎಂಬ ಹೆಸರು ಕೊಟ್ಟಿತು, ಗಂಡಸರನ್ನೂ ಇದು ಬಿಡುವುದಿಲ್ಲ ಎಂದು ಸ್ಪಷ್ಟಪಡಿಸಿತು. ಮೈ ಹಗುರವಾದಷ್ಟೂ ವೇಗ ಎಂಬ ಹಳೆಯ ನಂಬಿಕೆ ಮಾತ್ರ ತಂಡಗಳನ್ನು ಬಿಟ್ಟು ಹೋಗಿಲ್ಲ. ಒರೆಗಾನ್ ವಿಶ್ವವಿದ್ಯಾಲಯದಲ್ಲಿ ದೇಹದ ಕೊಬ್ಬಿನ ಅಳತೆಗೆ ಕೊಟ್ಟ ಒತ್ತಿನಿಂದ ತಮ್ಮ ಆರೋಗ್ಯಕ್ಕೆ ಪೆಟ್ಟಾಯಿತೆಂದು ಆರು ಮಂದಿ ಮಹಿಳಾ ಅಥ್ಲೀಟ್‌ಗಳು ಹೇಳಿಕೊಂಡದ್ದು 2021ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ವರದಿಯಾಯಿತು. ಸ್ಟ್ಯಾನ್‌ಫರ್ಡ್‌ಗಾಗಿ ಓಡಿ 5,000 ಮೀಟರ್‌ನಲ್ಲಿ ಮೂರು ಬಾರಿ ಕಾಲೇಜು ಚಾಂಪಿಯನ್ ಆದ ಲಾರೆನ್ ಫ್ಲೆಶ್‌ಮನ್ 2023ರ ತಮ್ಮ ‘ಗುಡ್ ಫಾರ್ ಎ ಗರ್ಲ್’ ಪುಸ್ತಕದಲ್ಲಿ ಮುಂದಿಡುವ ವಾದ ಇಲ್ಲಿ ಮುಖ್ಯ. ಇಡೀ ವ್ಯವಸ್ಥೆ ಹುಡುಗರ ದೇಹ ಬೆಳೆಯುವ ರೀತಿಯನ್ನೇ ಅಳತೆಗೋಲು ಮಾಡಿಕೊಂಡಿದೆ. ಹದಿಹರೆಯದ ಕೊನೆಗೆ ಹುಡುಗರ ವೇಗ ತಾನಾಗಿ ಏರುತ್ತಿರುವಾಗ ಹುಡುಗಿಯರ ದೇಹ ತುಂಬಿಕೊಳ್ಳುತ್ತಿರುತ್ತದೆ, ಸಮಯ ಒಂದೆರಡು ವರ್ಷ ನಿಂತಲ್ಲೇ ನಿಲ್ಲಬಹುದು. ಸಹಜವಾದ ಈ ನಿಲುಗಡೆಯನ್ನು ಊಟ ಕಡಿಮೆ ಮಾಡಿ ಸರಿಪಡಿಸಲು ಹೊರಟರೆ ಕೈಗೆ ಬರುವುದು ಬಿರುಕುಬಿಟ್ಟ ಮೂಳೆ.

ಇದೆಲ್ಲ ಸರಿ, ಆದರೆ ಮೊದಲ ವರ್ಷವೇ ಗೆದ್ದವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಕೆನ್ಯದಲ್ಲಿ ಹುಟ್ಟಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಶಾಲೆ ಓದಿದ ಎಡ್ವರ್ಡ್ ಚೆಸೆರೆಕ್ ಒರೆಗಾನ್ ತಂಡಕ್ಕೆ ಸೇರಿದ ಮೊದಲ ವರ್ಷ, 2013ರಲ್ಲೇ ರಾಷ್ಟ್ರೀಯ ಕ್ರಾಸ್ ಕಂಟ್ರಿ ಗೆದ್ದರು. ಮುಂದಿನ ಎರಡು ವರ್ಷವೂ ಅವರದೇ ಗೆಲುವು. ಅಂಥವರು ಯಾವ ನಿಯಮಕ್ಕೂ ಸಿಗುವುದಿಲ್ಲ, ಅವರನ್ನು ನೋಡಿ ನೂರು ಜನರ ತರಬೇತಿ ಬರೆಯಬಾರದು. ಇನ್ನೊಂದು ಉದಾಹರಣೆ ಹೆಚ್ಚು ಕಲಿಸುತ್ತದೆ. ಹೈಸ್ಕೂಲಿನ ರಾಷ್ಟ್ರೀಯ ಓಟವನ್ನು ಎರಡು ಸಲ ಗೆದ್ದ ಡೇಥನ್ ರಿಟ್ಜೆನ್‌ಹೈನ್ 2001ರಲ್ಲಿ ಕೊಲರಾಡೊ ಸೇರಿದ ವರ್ಷವೇ ನಾಲ್ಕನೆಯವರಾಗಿ ಬಂದರು. ಮರುವರ್ಷದ ಕ್ರಾಸ್ ಕಂಟ್ರಿಯನ್ನು ಗಾಯ ನುಂಗಿತು. ಚಾಂಪಿಯನ್ ಆದದ್ದು 2003ರಲ್ಲಿ. ಕೇಟ್ಲಿನ್ ಟೂಹಿ ಎಂಬ ಹುಡುಗಿ ಶಾಲೆಯಲ್ಲಿ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದು ನಾರ್ತ್ ಕ್ಯಾರೊಲಿನ ಸ್ಟೇಟ್‌ಗೆ ಬಂದಾಗ ಎಲ್ಲರೂ ಕೂಡಲೇ ಗೆಲುವು ನಿರೀಕ್ಷಿಸಿದ್ದರು. ಮೊದಲೆರಡು ರಾಷ್ಟ್ರೀಯ ಕ್ರಾಸ್ ಕಂಟ್ರಿಗಳಲ್ಲಿ ಆಕೆ ಮೊದಲ ಹತ್ತರೊಳಗೂ ಬರಲಿಲ್ಲ. ಮೂರನೆಯದರಲ್ಲಿ, 2022ರಲ್ಲಿ, ಗೆದ್ದಳು. ಅಂದು ಎರಡನೆಯವಳಾದ ಫ್ಲಾರಿಡಾದ ಪಾರ್ಕರ್ ವಾಲ್ಬಿಯ ದಾರಿ ಇನ್ನೂ ಬೇರೆ. ಗಾಯಗಳ ಕಾಟವಿದ್ದ ಆಕೆ ವಾರದಲ್ಲಿ ಕೆಲವೇ ದಿನ ಓಡಿ, ಉಳಿದ ದಿನ ಕಾಲಿಗೆ ಹೊಡೆತ ಬೀಳದ ಕ್ರಾಸ್ ಟ್ರೇನಿಂಗ್ ಯಂತ್ರದ ಮೇಲೆ ಬೆವರು ಹರಿಸಿದಳು. ಹೃದಯಕ್ಕೆ ಪೂರ್ತಿ ಕೆಲಸ, ಮೂಳೆಗೆ ಅದು ತಾಳುವಷ್ಟು ಮಾತ್ರ. 2023ರಲ್ಲಿ ಚಾಂಪಿಯನ್ ಆದಳು, 2024ರಲ್ಲಿ 10,000 ಮೀಟರನ್ನು 30 ನಿಮಿಷ 50.43 ಸೆಕೆಂಡುಗಳಲ್ಲಿ ಓಡಿ ಕಾಲೇಜು ದಾಖಲೆ ಬರೆದಳು. ವಾರದ ಕಿಲೋಮೀಟರ್ ಲೆಕ್ಕವೇ ಓಟಗಾರರ ಯೋಗ್ಯತೆ ಎನ್ನುವವರು ಈಕೆಯ ತರಬೇತಿಯನ್ನು ಒಮ್ಮೆ ನೋಡಬೇಕು.

ಸ್ಪರ್ಧಿಸದೆ ಸ್ಪರ್ಧೆ ಕಲಿಯುವುದು ಹೇಗೆ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಾಲೇಜಿನ ಕ್ರಾಸ್ ಕಂಟ್ರಿಗೆ ಬೇರೆಯದೇ ಜಾಣ್ಮೆ ಬೇಕು. ರಾಷ್ಟ್ರೀಯ ಓಟದಲ್ಲಿ ಸುಮಾರು 250 ಮಂದಿ ಒಂದೇ ಗೆರೆಯಿಂದ ಹೊರಡುತ್ತಾರೆ. ಶಾಲೆಯಲ್ಲಿ ಮುಂದಿದ್ದು ಅಭ್ಯಾಸವಾದವನು ಮೊದಲ ಕಿಲೋಮೀಟರನ್ನು ಹುಚ್ಚು ವೇಗದಲ್ಲಿ ಓಡಿ ಏಳನೆಯದರಲ್ಲಿ ಕುಸಿಯುತ್ತಾನೆ. ಗುಂಪಿನ ನಡುವೆ ಮೊಣಕೈ ತಾಗಿಸಿಕೊಂಡು, ಎದುರಿಗೆ ಬೆನ್ನುಗಳನ್ನಷ್ಟೇ ನೋಡುತ್ತ ಓಡುವುದನ್ನು ಕಲಿಯಲೇಬೇಕು, ಅದು ಅಭ್ಯಾಸದ ಮೈದಾನದಲ್ಲಿ ಬರುವುದಿಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಮೂರೂ ಸೀಸನ್‌ಗಳಲ್ಲಿ ಬಿಡುವಿಲ್ಲದೆ ಓಡಬೇಕಾಗಿಲ್ಲ. ಐದು ವರ್ಷಗಳೊಳಗೆ ನಾಲ್ಕು ಸೀಸನ್ ಸ್ಪರ್ಧಿಸಬಹುದು ಎಂಬ ದಶಕಗಳ ನಿಯಮ ಒಂದು ವರ್ಷ ಹೊರಗುಳಿಯಲು ಅವಕಾಶ ಕೊಡುತ್ತಾ ಬಂದಿದೆ. ರೆಡ್‌ಶರ್ಟ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಹೊಸಬ ತಂಡದೊಂದಿಗೆ ಅಭ್ಯಾಸ ಮಾಡುತ್ತಾನೆ, ಮನಸ್ಸಾದರೆ ತಂಡದ ಹೆಸರಿಲ್ಲದೆ ಒಂದೆರಡು ಓಟಗಳಲ್ಲಿ ಪಾಲ್ಗೊಳ್ಳುತ್ತಾನೆ. ಗುಂಪಿನಲ್ಲಿ ಓಡುವ ಪಾಠಕ್ಕೆ ಅಷ್ಟು ಸಾಕು.

ತಂಡದ ಅಗತ್ಯ ಎಂಬ ಮಾತಿಗೆ ಉತ್ತರಿಸುವುದು ಕಷ್ಟ. ಕ್ರಾಸ್ ಕಂಟ್ರಿಯಲ್ಲಿ ಒಂದು ತಂಡದ ಏಳು ಮಂದಿ ಓಡುತ್ತಾರೆ, ಮೊದಲ ಐವರ ಸ್ಥಾನಗಳನ್ನು ಕೂಡಿಸುತ್ತಾರೆ, ಮೊತ್ತ ಕಡಿಮೆಯಿದ್ದವರು ಗೆಲ್ಲುತ್ತಾರೆ. ಐದನೆಯವನು ದುರ್ಬಲನಾದರೆ ಇಡೀ ತಂಡ ಮುಳುಗುತ್ತದೆ, ಆಗ ಕೋಚ್‌ನ ಕಣ್ಣು ಹೊಸಬನ ಮೇಲೆ ಬೀಳುತ್ತದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಎನ್‌ಸಿಎಎ ವಿರುದ್ಧದ ಹೌಸ್ ಪ್ರಕರಣದ ರಾಜಿ ಒಪ್ಪಂದದಿಂದ ಈ ಒತ್ತಡ ಹೆಚ್ಚಿದೆ. ಅದಕ್ಕೆ ಒಳಪಟ್ಟ ದೊಡ್ಡ ಕಾಲೇಜುಗಳು ಕ್ರಾಸ್ ಕಂಟ್ರಿ ತಂಡದಲ್ಲಿ 17ಕ್ಕಿಂತ ಹೆಚ್ಚು ಮಂದಿಯನ್ನು ಇಟ್ಟುಕೊಳ್ಳುವಂತಿಲ್ಲ. ಹಿಂದೆ 25, 30 ಮಂದಿಯ ತಂಡದಲ್ಲಿ ಎರಡು ವರ್ಷ ಸದ್ದಿಲ್ಲದೆ ಬೆಳೆದು ಮೂರನೆಯ ವರ್ಷ ಮುಂದೆ ಬರುತ್ತಿದ್ದ ಹುಡುಗನಿಗೆ ಈಗ ಜಾಗ ಸಿಗುವುದೇ ಕಷ್ಟ. ಹೊಸಬನಿಗೂ ಅದು ಗೊತ್ತು, ಹಾಗಾಗಿ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಲೆಕ್ಕ ಹಾಕಿ ನೋಡಿದರೆ, 17 ಮಂದಿಯಲ್ಲಿ ನಾಲ್ವರು ಹೊಸಬರು ಮೂಳೆ ಬಿರುಕಿನಿಂದ ಕೂತರೆ ಉಳಿಯುವುದು 13. ತಂಡ ಚಿಕ್ಕದಾದಷ್ಟೂ ಒಬ್ಬೊಬ್ಬರ ಗಾಯವೂ ದುಬಾರಿ. ಗೆಲ್ಲಲೇಬೇಕಾದ ಕೋಚ್‌ಗೂ ತಾಳ್ಮೆಯೇ ಲಾಭದ ದಾರಿ.

ಕ್ಯಾಲಿಫೋರ್ನಿಯ, ಟೆಕ್ಸಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಇದು ದೂರದ ವಿಷಯವಲ್ಲ, ಅಲ್ಲಿ ಬೆಳೆಯುವ ಮಕ್ಕಳಿಗೆ ಶಾಲೆಯ ಕ್ರಾಸ್ ಕಂಟ್ರಿ ತಂಡದ ಬಾಗಿಲು ತೆರೆದೇ ಇರುತ್ತದೆ. ಸಸ್ಯಾಹಾರಿಗಳಾದರೆ ಒಂದು ಹೆಚ್ಚಿನ ಎಚ್ಚರ ಬೇಕು. ಕಾಳು, ಸೊಪ್ಪುಗಳ ಕಬ್ಬಿಣಾಂಶವನ್ನು ದೇಹ ಮಾಂಸದ ಕಬ್ಬಿಣಾಂಶದಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ನಿಂಬೆರಸ ಸೇರಿದರೆ ಹೀರಿಕೆ ಹೆಚ್ಚುತ್ತದೆ, ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕುಗ್ಗುತ್ತದೆ. ದೂರದ ಓಟದಲ್ಲಿ ಕಬ್ಬಿಣಾಂಶ ಹೆಚ್ಚು ವ್ಯಯವಾಗುವುದರಿಂದ ಕಾಲೇಜು ಸೇರುವ ಮೊದಲೇ ರಕ್ತದ ಫೆರಿಟಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಪರೀಕ್ಷೆಯಿಲ್ಲದೆ ಮಾತ್ರೆ ನುಂಗುವುದು ತಪ್ಪು. ಕ್ಯಾಲ್ಸಿಯಂಗೆ ನಮ್ಮ ರಾಗಿ ಇದೆ. ನಮ್ಮ ನಾಡಿನಲ್ಲಿ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳಿಗೆ ಹಳ್ಳಿಗಳಿಂದ ಬಂದು ಸೇರುವ ಮೊದಲ ವರ್ಷದ ಓಟಗಾರರ ಮೂಳೆಯೂ ಇದೇ ನಿಯಮಕ್ಕೆ ಒಳಪಟ್ಟದ್ದು. ಅಂತರ ವಿಶ್ವವಿದ್ಯಾಲಯ ಕೂಟ, ರಾಜ್ಯ ಜೂನಿಯರ್ ಕೂಟ, ನಗದು ಬಹುಮಾನದ ರಸ್ತೆ ಓಟ ಎಲ್ಲವನ್ನೂ ಒಂದೇ ವರ್ಷ ಓಡಲು ಹೊರಟರೆ ಅಪಾಯ ಇಲ್ಲೂ ಅಷ್ಟೇ. ಬಡ ಮನೆಯ ಹುಡುಗನಿಗೆ ನಗದು ಬಹುಮಾನ ಬಿಡು ಎನ್ನುವುದು ಸುಲಭವಲ್ಲ. ಅದಕ್ಕೇ ಅವನ ಊಟ, ವಸತಿಯ ಭಾರವನ್ನು ಸಂಸ್ಥೆ ಪೂರ್ತಿ ಹೊರಬೇಕು.

ಮಗನನ್ನೋ ಮಗಳನ್ನೋ ಕಾಲೇಜು ತಂಡಕ್ಕೆ ಸೇರಿಸುವ ತಂದೆತಾಯಿ ಕೋಚ್‌ಗಳನ್ನು ಭೇಟಿಯಾದಾಗ ಸಾಮಾನ್ಯವಾಗಿ ಸ್ಕಾಲರ್‌ಷಿಪ್ ಎಷ್ಟು, ತಂಡ ಎಷ್ಟನೆಯ ಸ್ಥಾನದಲ್ಲಿದೆ ಎಂದು ಕೇಳುತ್ತಾರೆ. ಅವರು ಇನ್ನೊಂದನ್ನೂ ಕೇಳಬೇಕು. ಮೂರು ವರ್ಷಗಳ ಹಿಂದೆ ನಿಮ್ಮಲ್ಲಿ ಮೊದಲ ವರ್ಷಕ್ಕೆ ಸೇರಿದ ಓಟಗಾರರು ಯಾರ್ಯಾರು, ಅವರಲ್ಲಿ ಎಷ್ಟು ಮಂದಿ ಈಗಲೂ ನಿಮ್ಮ ತಂಡದಲ್ಲಿ ಓಡುತ್ತಿದ್ದಾರೆ?